ಸೋಪಾದರೆ ಚೆಲ್ಲು, ಬೇರಾದರೆ ಒಂದು ಲೋಟ

ಈ ವಾರ ಗಂಟಲು ಕಟ್ಟಿತ್ತು. ಅತಿಮಧುರದ ಬೇರು ಕುದಿಸಿ, ಸೋಸಿ, ಉಳಿದ ಕಷಾಯವನ್ನು ಬಾಟಲಿಗೆ ತುಂಬಿಟ್ಟಿದ್ದೆ. ಅಡಿಯಲ್ಲಿ ಗಸಿ ಕೂತಿತ್ತು ಅಂತ ಸುಮ್ನೆ ಒಮ್ಮೆ ಕುಲುಕಿದೆ. ಬಾಟಲಿಯ ಕುತ್ತಿಗೆವರೆಗೂ ನೊರೆ. ಭಾವ ಪಕ್ಕದಲ್ಲೇ ಇದ್ದರು.

"ಬಾಟಲಿ ಸರಿಯಾಗಿ ತೊಳೆದಿಲ್ಲ ನೀನು. ಸೋಪು ಹಾಗೇ ಇದೆ. ಚೆಲ್ಲು."

"ಇಲ್ಲ ಭಾವ, ಇದು ಬೇರಿನದೇ ನೊರೆ."

"ಬೇರಿಂದಾ? ಹಾಗಾದ್ರೆ ನನಗೂ ಒಂದು ಲೋಟ ಕೊಡು."

ಇಷ್ಟೇ ಮಾತು. ಆದರೆ ತಲೆಯಲ್ಲಿ ಇನ್ನೂ ಅದೇ ಸುತ್ತುತ್ತಿದೆ. ಚೆಲ್ಲು ಅಂದ ಬಾಯೇ ಮರುಗಳಿಗೆ ಲೋಟ ಕೇಳಿತು. ನೊರೆ ಮಾತ್ರ ಅದೇ ನೊರೆ.

ಭಾವ ಒಳ್ಳೆಯ ಮನುಷ್ಯ. ಆದರೆ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ, ನಾಲಿಗೆ ಹೊರಳದ ಹೆಸರು ಕಂಡರೆ ವಾಪಸ್ ಇಡುವ ಪೈಕಿ. ಈ ಬೇರಿನೊಳಗಿದ್ದು ನೊರೆ ಎಬ್ಬಿಸುವುದರ ಹೆಸರು ಗ್ಲಿಸಿರೈಜಿನ್. ಡಬ್ಬಿ ಮೇಲೆ ಬರೆದಿದ್ದರೆ ಮುಟ್ಟುತ್ತಲೂ ಇರಲಿಲ್ಲ.

ಅದು ಸಪೋನಿನ್ ಗುಂಪಿನದು. ಅಂಟುವಾಳ, ಸೀಗೆಕಾಯಿ, ಜಿನ್ಸೆಂಗ್, ಎಲ್ಲದರಲ್ಲೂ ಈ ಗುಂಪಿನ ಯಾವುದಾದರೂ ಇದ್ದೇ ಇದೆ. ಅಣುವಿನ ಒಂದು ಕಡೆ ಸಕ್ಕರೆ, ಅದು ನೀರಿಗೆ ಒಗ್ಗುತ್ತದೆ. ಇನ್ನೊಂದು ಕಡೆ ಜಿಡ್ಡಿಗೆ ವಾಲುತ್ತದೆ. ಕುಲುಕಿದಾಗ ಇವು ಗಾಳಿಗುಳ್ಳೆಯ ಸುತ್ತ ಸಾಲುಗಟ್ಟಿ ನಿಲ್ಲುತ್ತವೆ, ಗುಳ್ಳೆ ಬೇಗ ಒಡೆಯುವುದಿಲ್ಲ. ಸೋಪು ಮಾಡುವುದೂ ಇದನ್ನೇ. ಭಾವ ಸೋಪು ಅಂದಿದ್ದು ಪೂರ್ತಿ ತಪ್ಪೇನಲ್ಲ ಬಿಡಿ.

ಹಾಳಾದ ಕಷಾಯದಲ್ಲೂ ನೊರೆ ಬರಬಹುದು, ಆದರೆ ಅದರ ಕಥೆ ಬೇರೆ. ಕುಲುಕದೆ ತಾನಾಗಿಯೇ ಗುಳ್ಳೆ ಏಳುತ್ತಿದ್ದರೆ, ಮುಚ್ಚಳ ತೆಗೆದಾಗ ಬುಸ್ ಅಂದರೆ, ಹುಳಿ ವಾಸನೆ ಬಂದರೆ, ಹುದುಗು ಬಂದಿದೆ ಅಂತಲೇ ಅರ್ಥ. ಅದನ್ನು ಚೆಲ್ಲಲೇಬೇಕು.

ನನಗೆ ಅರಗದ್ದು ಭಾವನ ಭಯ ಅಲ್ಲ, ಗಿಡದ್ದಾದರೆ ಏನೂ ಆಗಲ್ಲ ಅನ್ನುವ ಆಮೇಲಿನ ನಂಬಿಕೆ. ಗಿಡ ಸಪೋನಿನ್ ಮಾಡಿಕೊಳ್ಳುವುದು ನಮ್ಮ ಗಂಟಲಿಗೋಸ್ಕರ ಅಲ್ಲ. ಬೂಷ್ಟು, ಹುಳಹುಪ್ಪಟೆಗಳನ್ನು ದೂರ ಇಡೋಕೆ. ಎಷ್ಟೋ ಸಪೋನಿನ್‌ಗಳು ಜೀವಕೋಶದ ಪೊರೆಯಲ್ಲಿರುವ ಕೊಲೆಸ್ಟೆರಾಲ್‌ಗೆ ಅಂಟಿಕೊಂಡು ತೂತು ಮಾಡುತ್ತವೆ. ನೇರವಾಗಿ ತಾಗಿದರೆ ಕೆಂಪು ರಕ್ತಕಣ ಒಡೆದುಹೋಗುತ್ತದೆ. ನೀರಿಗೆ ಬೆರೆಸಿದರೆ ಮೀನು ಸಾಯುತ್ತದೆ. ನಮ್ಮ ಕರುಳು ಇವುಗಳನ್ನು ಜಾಸ್ತಿ ಹೀರಿಕೊಳ್ಳುವುದಿಲ್ಲ, ಬಚಾವ್.

ಅತಿಮಧುರದ್ದು ಮಾತ್ರ ಸ್ವಲ್ಪ ಕಿಲಾಡಿ. ಕರುಳಿನ ಬ್ಯಾಕ್ಟೀರಿಯಾಗಳು ಅದರ ಸಕ್ಕರೆ ಕಿತ್ತುಹಾಕುತ್ತವೆ, ಮಿಕ್ಕಿದ್ದು ರಕ್ತ ಸೇರುತ್ತದೆ. ಜಾಸ್ತಿ ಕುಡಿಯುತ್ತಾ ಹೋದರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ಭಾವ ದಿನಾ ಬಿಪಿ ಮಾತ್ರೆ ನುಂಗುವವರು!

ಹಾಗಂತ ಸಪೋನಿನ್ ವಿಷ ಅಂತ ಹೇಳೋಕೂ ಆಗಲ್ಲ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸರ್ಪಸುತ್ತಿನ ಲಸಿಕೆಯಲ್ಲಿ ಕ್ವಿಲ್ಲಾಯಾ ಮರದ ತೊಗಟೆಯ ಸಪೋನಿನ್ ಇದೆ, ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸೋಕೆ. ಒಂದು ಡೋಸಿಗೆ 50 ಮೈಕ್ರೋಗ್ರಾಂ. ಅಲ್ಲಿ ಅಷ್ಟು ಲೆಕ್ಕ. ಇಲ್ಲಿ ನಾನು ಬೇರನ್ನು ಹಿಡಿಯಲ್ಲಿ ಅಳೆದು ಪಾತ್ರೆಗೆ ಹಾಕುತ್ತೇನೆ.

ಭಾವನಿಗೆ ಲೋಟ ಕೊಡಲಿಲ್ಲ. ಮುಖ ಊದಿಸಿಕೊಂಡರು. "ಗಿಡದ್ದು ಅಂತ ನೀನೇ ಹೇಳಿದ್ದಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ಅಕ್ಕ ಅಂದಳು: "ಇವತ್ತಿನ ಮಾತ್ರೆ ಹಾಗೇ ಇದೆ. ಮೊದಲು ಅದನ್ನ ನುಂಗಿ."