ಕೇಳದೆ ತೆಗೆದುಕೊಂಡ ಚಿತ್ರ

ಇವತ್ತು ಬೆಳಗ್ಗೆಯಿಂದ ಡೇವಿಡ್ ಮಲಂಗಿ ಅವರೇ ತಲೆಯಲ್ಲಿ ಕೂತಿದ್ದಾರೆ. ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡ್‌ನ ಮೂಲನಿವಾಸಿ ಚಿತ್ರಕಾರರು. 1966ರಲ್ಲಿ ಆ ದೇಶದ ಹೊಸ ಒಂದು ಡಾಲರ್ ನೋಟು ಬಂತಲ್ಲ, ಅದರ ಮೇಲಿದ್ದದ್ದು ಇವರು ಮರದ ತೊಗಟೆಯ ಮೇಲೆ ಬರೆದ ಚಿತ್ರ. ಗುರ್ಮಿರಿಂಗು ಎಂಬ ಬೇಟೆಗಾರನ ಸಾವಿನ ಕಥೆ, ಅವರ ಕುಲದ್ದೇ ಕಥೆ. ಇವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ! ಯಾವತ್ತೋ ತೀರಿಹೋದ, ಗುರುತಿಲ್ಲದ ಕಲಾವಿದನ ಕೆಲಸ ಅಂದುಕೊಂಡಿದ್ದರಂತೆ. ವಿಷಯ ಹೊರಬಿದ್ದ ಮೇಲೆ ಸಾವಿರ ಡಾಲರ್, ಒಂದು ಪದಕ, ಮೀನು ಹಿಡಿಯುವ ಸಾಮಾನು ಕೊಟ್ಟರು.

ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆದರೆ ಮಲಂಗಿ ಕುಂಚ ಕೆಳಗಿಡಲಿಲ್ಲ. ಅದೇ ಕಥೆಯನ್ನು ಮತ್ತೆ ಮತ್ತೆ ಬರೆದರು, ಈ ಸಲ ತಮ್ಮ ಹೆಸರಲ್ಲೇ. ನನಗೆ ಜಾಸ್ತಿ ಹಿಡಿಸಿದ್ದು ಇದೇ.

ಈಗ ಅಲ್ಲಿ ಕಾನೂನು ಸ್ವಲ್ಪ ಬದಲಾಗಿದೆ. 2010ರಿಂದ ಚಿತ್ರ ಮರುಮಾರಾಟವಾದರೆ ಕಲಾವಿದರಿಗೆ ಶೇಕಡಾ 5ರಷ್ಟು ಸಿಗುತ್ತದೆ. ಎಲ್ಲ ಮಾರಾಟಕ್ಕೂ ಅಲ್ಲ. ಆದರೂ ಅಂಗಡಿಗಳಲ್ಲಿ ಮೂಲನಿವಾಸಿಗಳ ಕಲೆ ಅಂತ ಹೇಳಿಕೊಂಡು ನಕಲಿ ಬೂಮರಾಂಗ್ (ಎಸೆಯುವ ಬಾಗಿದ ಕೋಲು), ನಕಲಿ ಚುಕ್ಕಿ ಚಿತ್ರಗಳು ಸುಮ್ನೆ ಹಾಗೇ ಬಿಕರಿಯಾಗುತ್ತಿವೆ.

ಅಂಥ ಮಾರುಕಟ್ಟೆಯಲ್ಲಿ ಸ್ವಂತ ವಿನ್ಯಾಸ ಇಟ್ಟುಕೊಂಡು ಸಣ್ಣ ಉದ್ಯಮ ಕಟ್ಟುವ ಮೂಲನಿವಾಸಿ ಕಲಾವಿದರ ಕಷ್ಟ ಊಹಿಸಿ. "ಹೆಸರು ಬರುತ್ತೆ, ಫ್ರೀಯಾಗಿ ಕೊಡಿ" ಅನ್ನುವವರಿಗೆ ಇಲ್ಲ ಅನ್ನಬೇಕು. ಲೈಸೆನ್ಸ್, ಅಂದರೆ ವಿನ್ಯಾಸ ಬಳಸಲು ಕೊಡುವ ಅನುಮತಿ, ಬರಹದಲ್ಲೇ ಬೇಕು ಅಂತ ಪಟ್ಟು ಹಿಡಿಯಬೇಕು. ಕುಲದ ಹಿರಿಯರ ಒಪ್ಪಿಗೆ ಇಲ್ಲದ ಕಥೆಯನ್ನು ಎಷ್ಟೇ ದುಡ್ಡು ಬಂದರೂ ಮಾರಬಾರದು. ಬಾಡಿಗೆ ಬಾಕಿ ಇರುವ ತಿಂಗಳಲ್ಲಿ ಇದನ್ನೆಲ್ಲ ಹೇಳೋಕೆ ಎಂಥ ಗುಂಡಿಗೆ ಬೇಕು ಅಲ್ವಾ? ಹಾಗೆ ಹೇಳಿ ಇನ್ನೂ ನಿಂತಿರುವ ಪ್ರತಿಯೊಬ್ಬರ ಬಗ್ಗೆಯೂ ನನಗೆ ತುಂಬಾ ಹೆಮ್ಮೆ.