ಆಷಾಢದ ಒಂದು ಸೋಮವಾರ, ವಿಲ್ ಬರೆಯುವ ಆಫೀಸಿನಲ್ಲಿ

ಆಷಾಢ ಬಂತೆಂದರೆ ಮೈಸೂರಿನ ಸಬ್ ರಿಜಿಸ್ಟ್ರಾರ್ ಆಫೀಸುಗಳಲ್ಲಿ ರಶ್ ಕಡಿಮೆಯಾಗುತ್ತದೆ. ಸೈಟು ಕೊಳ್ಳುವವರು, ಮನೆ ಮಾರುವವರು ಶ್ರಾವಣ ಬರಲಿ ಅಂತ ಕಾಯುತ್ತಾರೆ. ಕ್ರಯಪತ್ರಗಳನ್ನೇ ನಂಬಿಕೊಂಡ ವಕೀಲರಿಗೆ ಅದು ಕೈ ಬಿಗಿಯ ತಿಂಗಳು. ನನಗೆ ಹಾಗಲ್ಲ. ನಾನು ಮಾಡುವುದು ವಿಲ್, ದಾನಪತ್ರ, ವಿಭಾಗಪತ್ರ, ಹಕ್ಕುಬಿಡುಗಡೆ, ಪೌತಿ ಖಾತೆ (ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ಇಂಥ ಕೆಲಸ. ವಯಸ್ಸಾದವರನ್ನು ಹೊತ್ತುಗಟ್ಟಲೆ ಕಾಯಿಸದೆ ವಿಲ್ ರಿಜಿಸ್ಟರ್ ಮಾಡಿಸಲು ಆಷಾಢಕ್ಕಿಂತ ಒಳ್ಳೆಯ ಕಾಲವಿಲ್ಲ. ಹಳೆಯ ಫೈಲುಗಳನ್ನು ಕೆಳಗಿಳಿಸಿ ಒಂದೊಂದಾಗಿ ನೋಡುವುದೂ ಆಗಲೇ.

ಈ ಕೆಲಸಕ್ಕೆ ಬರಬೇಕೆನ್ನುವ ಹೊಸ ವಕೀಲರು "ಇದರಲ್ಲಿ ದುಡ್ಡು ಇದೆಯಾ ಮೇಡಂ?" ಅಂತ ಕೇಳುತ್ತಾರೆ. ಇದೆ. ಒಂದು ಸಣ್ಣ ಆಫೀಸು, ಒಬ್ಬ ಸಹಾಯಕಿ, ಎರಡು ಕಪಾಟು, ಒಂದು ಸ್ಕ್ಯಾನರ್, ಇಷ್ಟರಲ್ಲೇ ಸಂಸಾರ ನಡೆದು ಉಳಿತಾಯವೂ ಆಗುತ್ತದೆ. ಹೇಗೆ ಅಂತ ಹೇಳಬೇಕಾದರೆ ಹೋದ ವರ್ಷದ ಆಷಾಢದ ಒಂದು ಸೋಮವಾರವನ್ನೇ ಹೇಳಬೇಕು.

ಅವತ್ತು ಬೆಳಿಗ್ಗೆ ಒಬ್ಬ ಮಗ ತಾಯಿಯನ್ನು ಕರೆದುಕೊಂಡು ಬಂದರು. ತಾಯಿ ರಿಟೈರ್ಡ್ ಪ್ರೈಮರಿ ಸ್ಕೂಲ್ ಟೀಚರ್. ಮಗನ ಕೈಯಲ್ಲಿ ಟೈಪ್ ಮಾಡಿಸಿದ ವಿಲ್ ರೆಡಿ ಇತ್ತು. "ನೀವು ಸುಮ್ನೆ ಒಂದ್ಸಲ ನೋಡಿ ಸರಿ ಮಾಡಿಕೊಡಿ ಸಾಕು, ಮಧ್ಯಾಹ್ನವೇ ರಿಜಿಸ್ಟರ್ ಮಾಡಿಸಿಬಿಡೋಣ" ಅಂದರು. ತೆಗೆದು ನೋಡಿದೆ. ಮನೆ ಪೂರ್ತಿ ಮಗನಿಗೆ. "ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ" ಅನ್ನುವ ಸಾಲು ಎರಡು ಕಡೆ ಇತ್ತು. ತಾಯಿಯನ್ನು ಕೇಳಿದೆ: "ಓದಿದ್ದೀರಾ ಅಮ್ಮ?" ಅವರು ಮಗನ ಮುಖ ನೋಡಿದರು.

ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇದೆ. ವಿಲ್ ಬರೆಸುವವರ ಜೊತೆ ಮೊದಲ ಮಾತು ಒಬ್ಬರೇ ಇದ್ದಾಗ. ಮಗ, ಮಗಳು, ಅಳಿಯ ಯಾರೇ ಬಂದಿರಲಿ, ಹೊರಗೆ ಕೂರಬೇಕು. ಇದನ್ನು ಬೋರ್ಡಿನಲ್ಲೇ ಬರೆದು ಹಾಕಿದ್ದೇನೆ, ಯಾರಿಗೂ ತಮ್ಮನ್ನೇ ಅನುಮಾನಿಸಿದರು ಅನ್ನಿಸಬಾರದು ನೋಡಿ. ಆದರೂ ಆ ಮಗನಿಗೆ ಕೋಪ ಬಂತು. "ಫೀಸು ಕೊಡೋನು ನಾನು" ಅಂದರು. ರಸೀದಿ ಅಮ್ಮನ ಹೆಸರಲ್ಲೇ ಬರುತ್ತೆ, ನನ್ನ ಕಕ್ಷಿದಾರರು ಅವರು, ನೀವಲ್ಲ ಅಂತ ಮೆಲ್ಲಗೆ ಹೇಳಿದೆ.

ಇದು ನನ್ನ ಹಟ ಅಲ್ಲ. 1958ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ವೆಂಕಟಾಚಲ ಅಯ್ಯಂಗಾರ್ - ತಿಮ್ಮಜಮ್ಮ ಕೇಸು ನಮ್ಮ ಮೈಸೂರು ಸೀಮೆಯಿಂದಲೇ ಹೋದದ್ದು. ವಿಲ್‌ನಿಂದ ಜಾಸ್ತಿ ಲಾಭ ಯಾರಿಗೆ ಸಿಗುತ್ತದೋ ಅವರೇ ಮುಂದೆ ನಿಂತು ಅದನ್ನು ಮಾಡಿಸಿದ್ದರೆ ಅದು ಅನುಮಾನಕ್ಕೆ ಕಾರಣ, ಆ ಅನುಮಾನವನ್ನು ಅವರೇ ಕಳೆಯಬೇಕು ಅಂತ ಅಲ್ಲಿ ಹೇಳಿದರು. ಇವತ್ತಿಗೂ ವಿಲ್ ಜಗಳ ಬಂದಾಗ ಕೋರ್ಟಿನಲ್ಲಿ ಅದೇ ತೀರ್ಪನ್ನು ಓದುತ್ತಾರೆ. ಅಂದರೆ ಮಗ ತಾನೇ ಟೈಪ್ ಮಾಡಿಸಿ, ತಾನೇ ಕರೆತಂದು, ತಾನೇ ಫೀಸು ಕೊಟ್ಟು ಮಾಡಿಸಿದ ವಿಲ್‌ನಿಂದ ಮುಂದೆ ತೊಂದರೆ ಆಗುವುದು ಆ ಮಗನಿಗೇ. ಇಷ್ಟು ಹೇಳಿದ ಮೇಲೆ ಅವರು ಎದ್ದು ಹೊರಗೆ ಹೋದರು.

ಬಾಗಿಲು ಹಾಕಿದ ಮೇಲೆ ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಯಾವಾಗಲೂ ಮಾಡುವ ಹಾಗೆ ಒಂದು ಬಿಳಿ ಹಾಳೆ, ಪೆನ್ಸಿಲ್ ಕೊಟ್ಟು ವಂಶವೃಕ್ಷ ಬರೆಯಲು ಹೇಳಿದೆ. ಟೀಚರ್ ಅಲ್ವಾ, ದುಂಡಗಿನ ಅಕ್ಷರ. ಮಗನ ಹೆಸರು ಬರೆದರು. ಪಕ್ಕದಲ್ಲಿ ಮಗಳ ಹೆಸರು ಬರೆದು, ಅದರ ಕೆಳಗೆ ಮೊಮ್ಮಗಳದ್ದು. ಮಗಳ ಗಂಡನ ಹೆಸರಿನ ಮುಂದೆ ಒಂದು ಗೀಟು ಹಾಕಿ ಪೆನ್ಸಿಲ್ ಕೆಳಗಿಟ್ಟರು. ಮಗಳು ವಿಧವೆ. ಮೊಮ್ಮಗಳ ಜೊತೆ ಅದೇ ಮನೆಯ ಹಿಂದಿನ ಭಾಗದಲ್ಲಿದ್ದಾಳೆ. ಮಗ ಟೈಪ್ ಮಾಡಿಸಿದ ಹಾಳೆಯಲ್ಲಿ ಅವಳ ಹೆಸರೇ ಇರಲಿಲ್ಲ.

ಮನೆ ತಾಯಿಯದ್ದೇ. ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಕಾಲದಲ್ಲಿ ಅವರ ಹೆಸರಿಗೆ ಮಂಜೂರಾದ ಸೈಟು, ಸಂಬಳದಲ್ಲಿ ಕಟ್ಟಿದ ಮನೆ. ವಿಲ್ ಇಲ್ಲದೆ ಹೋದರೆ ಮಗ, ಮಗಳಿಗೆ ಸಮಪಾಲು. ಆದರೆ ಪಾಲು ಅಂದ ಮೇಲೆ ಮನೆ ಮಾರುವ ಮಾತು ಬರುತ್ತದೆ, ಮಗಳು ಬೀದಿಗೆ ಬರುತ್ತಾಳೆ ಅನ್ನುವ ಭಯ ಅವರಿಗೆ. "ಅವಳು ಬದುಕಿರೋವರೆಗೂ ಹಿಂದಿನ ಭಾಗದಲ್ಲಿ ಇರಲಿ, ಆಮೇಲೆ ಮಗನಿಗೆ ಹೋಗಲಿ ಅಂತ ಬರೆಯಿರಿ" ಅಂದರು. ತುಂಬಾ ಜನ ಹೀಗೇ ಕೇಳುತ್ತಾರೆ. ನಾನು ತಕ್ಷಣ ಹೂಂ ಅನ್ನುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಇದೆ, ಸುಪ್ರೀಂ ಕೋರ್ಟಿನ 1977ರ ತುಳಸಮ್ಮ ಕೇಸಿನ ತೀರ್ಪು ಇದೆ. ಹೆಣ್ಣುಮಗಳಿಗೆ ಮೊದಲೇ ಇದ್ದ ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟ ಸೀಮಿತ ಹಕ್ಕು ಪೂರ್ಣ ಹಕ್ಕಾಗುತ್ತದೆ. ಇದು ಆ ಥರದ್ದಾ, ಅಲ್ಲವಾ ಅಂತ ಅಣ್ಣ ತಂಗಿ ವರ್ಷಗಟ್ಟಲೆ ಕೋರ್ಟಿನಲ್ಲಿ ಕಿತ್ತಾಡಬಹುದು. ಇದನ್ನು ಬಿಡಿಸಿ ಹೇಳಿದೆ. ಅವರು ಕಣ್ಣು ಮುಚ್ಚಿ ಯೋಚಿಸಿದರು. ಆಮೇಲೆ "ಹಾಗಾದರೆ ಹಿಂದಿನ ಭಾಗ ಪೂರ್ತಿ ಅವಳಿಗೇ ಬರೆಯಿರಿ. ಅರ್ಧಂಬರ್ಧ ಬೇಡ" ಅಂದರು. ದನಿ ಆಗ ಟೀಚರ್ ದನಿ.

ಫೀಸು ಕೇಳಿದರು. ಹೇಳಿದೆ. ಅರ್ಧ ಮೊದಲ ದಿನ, ಉಳಿದದ್ದು ಸಹಿಯ ದಿನ. ಬ್ಯಾಗಿನಿಂದ ತಮ್ಮ ಪಿಂಚಣಿ ಹಣ ಎಣಿಸಿ ಕೊಟ್ಟು ರಸೀದಿ ಮಡಚಿ ಇಟ್ಟುಕೊಂಡರು.

ಫೀಸಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆಸ್ತಿಯ ಬೆಲೆ ನೋಡಿ ನಾನು ಫೀಸು ಹೇಳುವುದಿಲ್ಲ. ವಿಜಯನಗರದ ಕೋಟಿ ಬಾಳುವ ಸೈಟಿಗೆ ಒಂದೇ ಶುದ್ಧ ಕ್ರಯಪತ್ರ ಇರಬಹುದು. ಹಳ್ಳಿಯ ಎರಡು ಎಕರೆಗೆ ಅಜ್ಜನ ಹೆಸರಿನ ಪಹಣಿ, ಆಗದ ಪೋಡಿ (ಜಮೀನನ್ನು ಅಳೆದು ಬೇರೆ ಬೇರೆ ಮಾಡುವುದು), ಜಂಟಿ ಖಾತೆ, ಹತ್ತು ಜನ ವಾರಸುದಾರರು ಇರಬಹುದು. ಯಾವುದಕ್ಕೆ ಜಾಸ್ತಿ ಕೆಲಸ ಹೇಳಿ? ಅದಕ್ಕೇ ಪ್ರತಿ ಫೈಲಿನ ಮೊದಲ ಹಾಳೆಯಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡುತ್ತೇವೆ. ಈ ಲೆಕ್ಕ ಇಟ್ಟ ಮೇಲೆ ಗೊತ್ತಾಯಿತು, ವಿಲ್ ಬರೆಯುವುದಕ್ಕೆ ಹಿಡಿಯುವ ಹೊತ್ತು ತೀರಾ ಕಡಿಮೆ. ಹೊತ್ತು ಹೋಗುವುದು ಇಸಿ (ಆಸ್ತಿಯ ಮೇಲೆ ನಡೆದ ರಿಜಿಸ್ಟರ್ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ), ಖಾತೆ, ಹಳೆಯ ಪತ್ರಗಳನ್ನು ಓದುವುದರಲ್ಲಿ, ಮನೆಯವರ ಮಾತು ಕೇಳುವುದರಲ್ಲಿ. ಬರೀ ಟೈಪಿಂಗಿಗೆ ದುಡ್ಡು ತೆಗೆದುಕೊಂಡರೆ ಯಾವ ವಕೀಲರಿಗೂ ಗಿಟ್ಟುವುದಿಲ್ಲ. "ಕೇಸು ಗೆದ್ದ ಮೇಲೆ ಆಸ್ತಿಯಲ್ಲಿ ಇಷ್ಟು ಪರ್ಸೆಂಟ್ ತಗೊಳ್ಳಿ" ಅನ್ನುವವರೂ ಬರುತ್ತಾರೆ. ಬಾರ್ ಕೌನ್ಸಿಲ್ ನಿಯಮದಲ್ಲಿ ಅದು ಸಾಧ್ಯವೇ ಇಲ್ಲ, ಇರಲೂಬಾರದು. ಮುದ್ರಾಂಕ, ರಿಜಿಸ್ಟ್ರೇಷನ್ನಿಗೆ ಅಂತ ಕೊಟ್ಟ ಹಣಕ್ಕೆ ನನ್ನಲ್ಲಿ ಬೇರೆ ಬ್ಯಾಂಕ್ ಖಾತೆ ಇದೆ. ಅದು ನನ್ನ ದುಡ್ಡಲ್ಲ.

ಅದೇ ಸೋಮವಾರ ಮಧ್ಯಾಹ್ನ ಹುಣಸೂರು ಕಡೆಯ ಒಬ್ಬ ಹೆಣ್ಣುಮಗಳು ಬಂದರು. ಅವರ ತಂದೆ ಹಿಂದೆ ನಮ್ಮಲ್ಲೇ ವಿಲ್ ಬರೆಸಿದ್ದರು. ತಂದೆ ತೀರಿಕೊಂಡ ಮೇಲೆ ದಾಯಾದಿಗಳು ದಾವೆ ಹೂಡಿದ್ದಾರೆ, ವಿಲ್ ಸುಳ್ಳು ಅನ್ನುತ್ತಿದ್ದಾರೆ. ರಿಜಿಸ್ಟರ್ ಆಗಿದೆಯಲ್ಲ, ಇನ್ನೇನು ಅಂತ ಜನ ಅಂದುಕೊಳ್ಳುತ್ತಾರೆ. ಸಾಲದು. ವಿಲ್‌ಗೆ ಕನಿಷ್ಠ ಇಬ್ಬರು ಸಾಕ್ಷಿ ಸಹಿ ಹಾಕಿರಬೇಕು, ಕೋರ್ಟಿನಲ್ಲಿ ಅವರಲ್ಲಿ ಒಬ್ಬರಾದರೂ ಬಂದು ಹೇಳಬೇಕು. ಸಾಕ್ಷಿ ಬಂದು ಹೇಳಬೇಕು ಅನ್ನುವುದು ಹಳೆಯ ಸಾಕ್ಷ್ಯ ಕಾಯ್ದೆಯ 68ನೇ ಕಲಂ, 2024ರ ಜುಲೈ 1ರಿಂದ ಬಂದ ಹೊಸ ಕಾಯ್ದೆಯಲ್ಲಿ 67.

ಸಾಕ್ಷಿಗಳಲ್ಲಿ ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು ಊರು ಬಿಟ್ಟಿದ್ದರು, ಎಲ್ಲಿದ್ದಾರೋ ಇವರಿಗೆ ಗೊತ್ತಿರಲಿಲ್ಲ. ನನ್ನ ಸಹಾಯಕಿ ನಮ್ಮ ಆಫೀಸಿನ ರಿಜಿಸ್ಟರ್ ಪುಸ್ತಕ ತೆಗೆದು ಪುಟ ತಿರುವಿ "ಶಿವಮೊಗ್ಗದಲ್ಲಿದ್ದಾರೆ, ಮಗನ ಮನೆಯಲ್ಲಿ, ನಂಬರ್ ಇಲ್ಲಿದೆ" ಅಂದಳು. ಫೋನ್ ಹೋಯಿತು. ಆ ಕಡೆಯಿಂದ "ಬರ್ತೀನಿ, ನಿಮ್ಮಪ್ಪ ನನ್ನ ಕಣ್ಮುಂದೇನೇ ಸಹಿ ಹಾಕಿದ್ದು" ಅನ್ನುವ ಮಾತು ಸ್ಪೀಕರ್‌ನಲ್ಲಿ ಕೇಳಿದಾಗ ಆ ಹೆಣ್ಣುಮಗಳು ಸೆರಗು ಬಾಯಿಗೊತ್ತಿ ಅತ್ತುಬಿಟ್ಟರು.

ಆ ನಂಬರ್ ಅಲ್ಲಿ ಇದ್ದದ್ದು ಆಷಾಢದ ಕೆಲಸದಿಂದ. ಪ್ರತಿ ವರ್ಷ ನಮ್ಮ ಹಳೆಯ ಕಕ್ಷಿದಾರರಿಗೆ ಒಂದು ಕಾಗದ ಹೋಗುತ್ತದೆ. ಸಾಕ್ಷಿಗಳು ಎಲ್ಲಿದ್ದಾರೆ? ಆಸ್ತಿ ಏನಾದರೂ ಮಾರಿದಿರಾ, ಕೊಂಡಿರಾ? ಮನೆಯಲ್ಲಿ ಮದುವೆ, ಸಾವು, ಹುಟ್ಟು? ಬ್ಯಾಂಕಿನ ನಾಮಿನಿ ಯಾರು? ಉತ್ತರ ಬಂದದ್ದೆಲ್ಲ ರಿಜಿಸ್ಟರಿಗೆ ಸೇರುತ್ತದೆ. ಸಾಕ್ಷಿಗಳನ್ನು ಆರಿಸುವಾಗಲೇ ವಿಲ್ ಬರೆಸುವವರಿಗಿಂತ ಚಿಕ್ಕ ವಯಸ್ಸಿನವರು, ಆಸ್ತಿಯಲ್ಲಿ ಏನೂ ಪಡೆಯದವರು ಬೇಕು ಅನ್ನುತ್ತೇನೆ. ಕಾಗದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೆ ಅದನ್ನು ಓದಿದವರಲ್ಲಿ ಕೆಲವರು ವಿಲ್ ಬದಲಿಸಲು ಬರುತ್ತಾರೆ, ಕೆಲವರು ತಮ್ಮನನ್ನೋ ನಾದಿನಿಯನ್ನೋ ಕರೆತರುತ್ತಾರೆ. ವಕೀಲರು ಜಾಹೀರಾತು ಕೊಡುವ ಹಾಗಿಲ್ಲ. ನನಗೆ ಅದರ ಅಗತ್ಯವೂ ಬಿದ್ದಿಲ್ಲ.

ಟೀಚರ್ ಅಮ್ಮ ಆಷಾಢ ಮುಗಿಯುವ ಮೊದಲೇ ವಾಪಸ್ ಬಂದರು, ಈ ಸಲ ಆಟೋದಲ್ಲಿ ಒಬ್ಬರೇ. ಬುದ್ಧಿ ಸರಿಯಿದೆ ಅನ್ನುವ ಡಾಕ್ಟರ ಸರ್ಟಿಫಿಕೇಟ್ ತಂದಿದ್ದರು. ಕರಡನ್ನು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿ, ಎರಡು ಕಾಗುಣಿತ ತಿದ್ದಿದರು. "ರಿಜಿಸ್ಟರ್ ಮಾಡಿದರೆ ಇಸಿಯಲ್ಲಿ ಬಂದು ಮಗನಿಗೆ ಗೊತ್ತಾಗುತ್ತಾ?" ಅಂತ ಕೇಳಿದರು. ಇಲ್ಲ. ವಿಲ್ ದಾಖಲಾಗುವುದು ಸಬ್ ರಿಜಿಸ್ಟ್ರಾರ್ ಆಫೀಸಿನ 3ನೇ ಪುಸ್ತಕದಲ್ಲಿ, ಅದು ಇಸಿಯಲ್ಲಿ ಬರುವುದಿಲ್ಲ. ಅವರು ಬದುಕಿರುವವರೆಗೆ ಅವರಿಗೆ, ಅವರು ಅಧಿಕಾರ ಕೊಟ್ಟವರಿಗೆ ಬಿಟ್ಟು ಬೇರೆಯವರಿಗೆ ನಕಲು ಸಿಗುವುದಿಲ್ಲ.

"ನಾಳೆ ನನ್ನ ಮನಸ್ಸು ಬದಲಾದರೆ?"

ಬುದ್ಧಿ ಸರಿಯಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು ಅಂದೆ. ಮೊಮ್ಮಗಳ ಪಿಯುಸಿ ಮುಗಿಯಲಿ, ಆಗ ಅವಳ ಓದಿಗೆ ಒಂದು ಎಫ್‌ಡಿ ಸೇರಿಸಬೇಕು ಅಂದರು. ಸಹಾಯಕಿ ಅದನ್ನು ಮುಂದಿನ ವರ್ಷದ ಪಟ್ಟಿಯಲ್ಲಿ ಬರೆದುಕೊಂಡಳು.