ಈಡೇರದ ಹರಕೆಯ ಜೋಳ

ಹರಕೆ ಅಂದರೆ ಕೊಟ್ಟು ತಗೊಳ್ಳುವ ವ್ಯವಹಾರ ಅಂತಲೇ ನಾವು ಹೆಚ್ಚಿನವರು ತಿಳಿದಿರುತ್ತೇವೆ. ಕಾಯಿಲೆ ವಾಸಿ ಮಾಡು, ಕಾಯಿ ಒಡೆಸುತ್ತೇನೆ. ಹಾಗಾದರೆ ದೇವರು ತನ್ನ ಪಾಲಿನದು ಮಾಡದಿದ್ದರೆ?

ಅಪ್ಪ ಹಾಸಿಗೆ ಹಿಡಿದಾಗ ಅವ್ವ, ಕಣ್ಣಿಲ್ಲದ ಹುಡುಗರಿಗೆ ಊಟ ಹಾಕಿ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಒಂದು ಚೀಲ ಜೋಳ ಕೊಡುತ್ತೇನೆಂದು ಬೇಡಿಕೊಂಡಿದ್ದಳು. ಅಪ್ಪ ಉಳಿಯಲಿಲ್ಲ. ದಿವಸದ ಕಾರ್ಯ ಮುಗಿದ ಮೇಲೆ ನೋಡಿದರೆ ಅವ್ವ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಾಳೆ. ನನಗೆ ಸಿಟ್ಟೇ ಬಂತು.

"ಇನ್ನ ಯಾಕ ಕೊಡೂದವ್ವ?"

"ಜೋಳ ಹುಡುಗ್ರಿಗೆ ಅಂತ ಬೇಡ್ಕೊಂಡೀನಿ. ನಿಮ್ಮಪ್ಪ ಹೋದ ಅಂತ ಆ ಹುಡುಗ್ರು ಉಣ್ಣೂದು ಬಿಟ್ಟಾರೇನು?"

ಹುಬ್ಬಳ್ಳಿಯಿಂದ ಚೀಲ ಹೊತ್ತು ಹೋದೆವು. ಆಶ್ರಮದಲ್ಲಿ ಒಬ್ಬ ಪುಟ್ಟ ಹುಡುಗ ಹಾರ್ಮೋನಿಯಂ ಮುಂದೆ ಕೂತಿದ್ದ. ಕಣ್ಣು ಕಾಣುವುದಿಲ್ಲ. ಎತ್ತರದ ಕರಿ ಮನೆಗಳನ್ನು ಬೆರಳಿನಿಂದ ತಡವುತ್ತಾನೆ, ಎರಡು, ಆಮೇಲೆ ಮೂರು, ಅಲ್ಲಿಂದ ಲೆಕ್ಕ ಹಿಡಿದು ಸಾ ಒತ್ತುತ್ತಾನೆ. ತಪ್ಪಿದರೆ ಪಕ್ಕದ ದೊಡ್ಡ ಹುಡುಗ ಬೆರಳನ್ನು ಸರಿಯಾದ ಮನೆಗೆ ಸರಿಸುತ್ತಾನೆ. ನಡುವೆ ಒಮ್ಮೆ, "ಊಟದ ಹೊತ್ತಾತೇನ್ರೀ?" ಅಂತ ಕೇಳಿ ಬೈಸಿಕೊಂಡ.

ಈ ಆಶ್ರಮ ನಡೆಸಿದ ಗಾಯಕ ಪುಟ್ಟರಾಜ ಗವಾಯಿಗಳೂ ಹೀಗೇ ಬೆರಳಲ್ಲಿ ಕಲಿತವರು. 1914ರಲ್ಲಿ ಈಗಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಹುಟ್ಟಿ, ಕೂಸಿದ್ದಾಗಲೇ ಕಣ್ಣು ಕಳೆದುಕೊಂಡರು. ಕೈ ಹಿಡಿದು ಕಲಿಸಿದ ಗುರು ಪಂಚಾಕ್ಷರ ಗವಾಯಿಗಳಿಗೂ ಕಣ್ಣಿರಲಿಲ್ಲ. 1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಆಶ್ರಮ ಪುಟ್ಟರಾಜರ ಹೆಗಲಿಗೆ ಬಂತು. ಹುಡುಗರ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೂ ನಡೆಸಿದರು, ತಾವೇ ನಾಟಕ ಬರೆದರು. 2010ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಭಾರ ಇಳಿಯಲಿಲ್ಲ.

ಸಂಗೀತಕ್ಕಾಗಿಯೇ ದೇವರು ಅವರ ಕಣ್ಣು ತಗೊಂಡ ಅನ್ನುವ ಭಕ್ತರಿದ್ದಾರೆ. ನನಗದು ಒಪ್ಪಿಗೆಯಾಗಲ್ಲ. ಕೂಸಿನ ಕಣ್ಣು ಕಿತ್ತು ಲೆಕ್ಕ ಹಾಕುವ ಶಿವನಿಗೆ ನಾನು ಕೈ ಮುಗಿಯಲಾರೆ. ಕಣ್ಣು ಸುಮ್ನೆ ಹೋಯಿತು, ಅಪ್ಪ ಹೋದ ಹಾಗೆ. ಮೇಲೆ ಯಾರೂ ಯಾವುದನ್ನೂ ಬರೆದಿಟ್ಟಿರಲಿಲ್ಲ. ಆದರೆ ಕಣ್ಣಿಲ್ಲದ ಗುರು ಕಣ್ಣಿಲ್ಲದ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡರಲ್ಲ, ಅದು ಸುಮ್ನೆ ಆದದ್ದಲ್ಲ, ಅಲ್ವಾ? ಗವಾಯಿಗಳ ಗದ್ದುಗೆ ಮುಂದೆ ನಾನು ತಲೆಬಾಗಿದ್ದು ಅದಕ್ಕೆ.

ಅವ್ವನ ಹರಕೆ ಒಂದೇ ಚೀಲದ್ದು, ಅದು ಅವತ್ತೇ ತೀರಿತು. ಆದರೂ ಪ್ರತಿ ಸುಗ್ಗಿಗೆ ಇನ್ನೊಂದು ಚೀಲ ತೆಗೆದಿಡುತ್ತಾಳೆ. ಅದೂ ಮಾಲದಂಡಿಯೇ ಆಗಬೇಕು. ಹೈಬ್ರಿಡ್ ಜೋಳದ ರೊಟ್ಟಿ ಬೇಗ ಬಿರುಸಾಗ್ತದಂತೆ, ಹಾಡೋ ಹುಡುಗರ ಗಂಟಲಿಗೆ ಅದು ಆಗೂದಿಲ್ಲಂತೆ.